ಒಂದು ಪರಿಷ್ಕೃತ ಆವೃತ್ತಿ

ಹಳೆಯ ಕಾವ್ಯವೊಂದರ ಪರಿಷ್ಕೃತ ಆವೃತ್ತಿ ಹೊರಬಂದರೆ ಲೋಕ ಅದನ್ನು ದೊಡ್ಡ ಸುದ್ದಿಯೆಂದು ಎಣಿಸುವುದಿಲ್ಲ. ನಾಲ್ಕಾರು ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಹೋಲಿಸಿ, ತಪ್ಪಿದ್ದುದನ್ನು ತಿದ್ದಿ, ನಡುವೆ ನುಸುಳಿದ್ದ ಪ್ರಕ್ಷಿಪ್ತಗಳನ್ನು ಕಳೆದು, ತಾನು ಮಾಡಿದ ಒಂದೊಂದು ಬದಲಾವಣೆಯನ್ನೂ ಅಡಿಟಿಪ್ಪಣಿಯಲ್ಲಿ ಒಪ್ಪಿಸಿದ ಸಂಪಾದಕನ ಶ್ರಮವನ್ನು ಬಲ್ಲವರೇ ಬಲ್ಲರು. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಹೇಳುವ ನನಗೆ, 2025ರ ಆಗಸ್ಟ್ 9ರಂದು ಹೊರಬಂದ ಬೇರೊಂದು ಬಗೆಯ ಆವೃತ್ತಿಯನ್ನು ಕಂಡಾಗ ನೆನಪಾದವರು ಈ ಸಂಪಾದಕರೇ. ಅದು ಕಾವ್ಯವಲ್ಲ, ಕಂಪ್ಯೂಟರನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ. ಅದರ ಹೆಸರು ಡೆಬಿಯನ್, ಆವೃತ್ತಿ ಹದಿಮೂರನೆಯದು.

ನಾವು ಕಂಪ್ಯೂಟರಿನಲ್ಲಿ ಬರೆಯುವುದಕ್ಕೂ ಓದುವುದಕ್ಕೂ ತಳಹದಿಯಾಗಿ ನಿಂತು, ಯಂತ್ರಕ್ಕೂ ನಮಗೂ ನಡುವೆ ದುಭಾಷಿಯಂತೆ ದುಡಿಯುವುದೇ ಈ ಕಾರ್ಯಾಚರಣ ವ್ಯವಸ್ಥೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಅದರ ತಿರುಳನ್ನು ರಚಿಸಿ ಲೋಕದ ಮುಂದಿಟ್ಟನು. ಆ ತಿರುಳಿನ ಸುತ್ತ ಬೇಕಾದ ಸಲಕರಣೆಗಳನ್ನೆಲ್ಲ ಜೋಡಿಸಿ, ಯಾರು ಬೇಕಾದರೂ ಪಡೆಯಬಹುದಾದ ಪೂರ್ಣ ವ್ಯವಸ್ಥೆಯನ್ನು ಕಟ್ಟಬೇಕೆಂದು 1993ರ ಆಗಸ್ಟ್‌ನಲ್ಲಿ ಹೊರಟವನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್. ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಹೊಸೆದು ಅವನು ಮಾಡಿದ ನಾಮಕರಣವೇ ಡೆಬಿಯನ್. ಇದಕ್ಕೆ ಒಡೆಯರಿಲ್ಲ. ದೇಶದೇಶಗಳ ಸ್ವಯಂಸೇವಕರು ಕೂಡಿ ಇದನ್ನು ನಡೆಸುತ್ತಾರೆ. ಇದರ ಬರವಣಿಗೆಯನ್ನು ಯಾರಾದರೂ ಓದಬಹುದು, ತಿದ್ದಬಹುದು, ಪ್ರತಿ ಮಾಡಿ ಹಂಚಬಹುದು. ಅದಕ್ಕೇ ಇಂಥವುಗಳಿಗೆ ಮುಕ್ತ ತಂತ್ರಾಂಶವೆಂಬ ಹೆಸರು.

ಇಷ್ಟು ಗಂಭೀರವಾದ ಕೆಲಸಕ್ಕೆ ಇವರು ಇಡುವ ಹೆಸರುಗಳು ಮಾತ್ರ ಮಕ್ಕಳಾಟದವು. ‘ಟಾಯ್ ಸ್ಟೋರಿ’ ಎಂಬ ಚಿತ್ರಮಾಲೆಯ ಆಟಿಕೆಗಳ ಹೆಸರನ್ನು ಒಂದೊಂದು ಆವೃತ್ತಿಗೂ ಇಡುವುದು ಇಲ್ಲಿನ ಸಂಪ್ರದಾಯ. ಮರ್ಡಾಕನ ಅನಂತರ ಮುಂದಾಳಾದ ಬ್ರೂಸ್ ಪೆರೆನ್ಸ್ ಆ ಚಿತ್ರವನ್ನು ತಯಾರಿಸಿದ ಪಿಕ್ಸಾರ್ ಸಂಸ್ಥೆಯಲ್ಲಿದ್ದುದೇ ಅದಕ್ಕೆ ಕಾರಣ. 2023ರ ಜೂನ್ 10ರಂದು ಬಂದ ಹನ್ನೆರಡನೆಯ ಆವೃತ್ತಿ ‘ಬುಕ್‌ವರ್ಮ್’, ಎಂದರೆ ಪುಸ್ತಕದ ಹುಳು. ಹದಿಮೂರನೆಯದು ‘ಟ್ರಿಕ್ಸಿ’; ಇನ್ನು ಬರಬೇಕಾದ ಹದಿನಾಲ್ಕನೆಯದು ‘ಫೋರ್ಕಿ’. ಇನ್ನೂ ಪರೀಕ್ಷೆಗೆ ಒಳಗಾಗದ ಹೊಸ ತಂತ್ರಾಂಶಗಳು ಮೊದಲು ಬಂದು ಬೀಳುವ ಕಣಜಕ್ಕೆ ಎಂದೆಂದಿಗೂ ‘ಸಿಡ್’ ಎಂಬುದೇ ಹೆಸರು. ಚಿತ್ರದಲ್ಲಿ ಸಿಡ್ ಆಟಿಕೆಗಳನ್ನು ಮುರಿಯುವ ಹುಡುಗನಲ್ಲವೆ!

ಹೊಸ ಆವೃತ್ತಿಗೆ ಈ ಸಲ ಹಿಡಿದ ಕಾಲ ಎರಡು ವರ್ಷ, ಒಂದು ತಿಂಗಳು, ಮೂವತ್ತು ದಿನ. ಬಿಡುಗಡೆಗೆ ಕೆಲವು ತಿಂಗಳ ಮುಂಚೆಯೇ ಹೊಸದನ್ನು ಸೇರಿಸುವ ಬಾಗಿಲನ್ನು ಹಂತಹಂತವಾಗಿ ಮುಚ್ಚುತ್ತಾರೆ. ಅದಕ್ಕೆ ‘ಹೆಪ್ಪುಗಟ್ಟಿಸುವುದು’ ಎಂಬರ್ಥದ ಮಾತನ್ನೇ ಬಳಸುತ್ತಾರೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ತಿದ್ದುವ ಕೆಲಸ. ದೋಷಗಳ ಪಟ್ಟಿಯನ್ನು ಯಾರೂ ನೋಡಬಹುದಾದಂತೆ ತೆರೆದಿಟ್ಟಿರುತ್ತಾರೆ. ಗುರುತರವಾದ ದೋಷವುಳ್ಳ ತಂತ್ರಾಂಶ ತಿದ್ದಿಸಿಕೊಳ್ಳಬೇಕು, ಇಲ್ಲವೇ ಹೊರಗೆ ನಡೆಯಬೇಕು. ಕೊನೆಗೆ ಉಳಿದದ್ದು 69,830 ತಂತ್ರಾಂಶ ಪೊಟ್ಟಣಗಳು. ಹೊಸದಾಗಿ ಬಂದವು 14,100ಕ್ಕೂ ಹೆಚ್ಚು. ಕಾಲ ಮೀರಿತೆಂದು ಬಿಟ್ಟುಕೊಟ್ಟವು 8,840ಕ್ಕೂ ಹೆಚ್ಚು. ಸೇರಿಸಿದ್ದನ್ನು ಹೇಳಿಕೊಳ್ಳುವವರು ಲೋಕದಲ್ಲಿ ಹಲವರಿದ್ದಾರೆ. ಕಳೆದದ್ದನ್ನೂ ಲೆಕ್ಕವಿಟ್ಟು ಒಪ್ಪಿಸುವವರು ಎಷ್ಟು ಜನ?

ಈ ಆವೃತ್ತಿಯಲ್ಲಿ ನಡೆದ ಒಂದು ತಿದ್ದುಪಡಿ ನನ್ನ ಮನಸ್ಸನ್ನು ಬಹುವಾಗಿ ಸೆಳೆಯಿತು. ಈ ಜಾತಿಯ ವ್ಯವಸ್ಥೆಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತವೆ. ಹಿಂದೆ ಆ ಎಣಿಕೆಗೆ ಮೀಸಲಿಟ್ಟ ಜಾಗ 32 ಬಿಟ್‌ಗಳದು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,147,483,647. ನಮ್ಮ ದೇಶದ ಗಡಿಯಾರದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಆ ಪಾತ್ರೆ ತುಂಬಿಹೋಗುತ್ತದೆ. ಮರುಕ್ಷಣವೇ ಅಂಥ ಯಂತ್ರ 1901ರ ಡಿಸೆಂಬರಿನಲ್ಲಿ ತಾನಿರುವೆನೆಂದು ಭ್ರಮಿಸಬಹುದು. ಈ ವಿಪತ್ತು ಇನ್ನೂ ಹನ್ನೆರಡು ವರ್ಷಗಳಿಗಿಂತ ದೂರದಲ್ಲಿದ್ದಾಗಲೇ ಡೆಬಿಯನ್ನಿನವರು ಸಾವಿರಾರು ಪೊಟ್ಟಣಗಳನ್ನು ಬಿಚ್ಚಿ, ಕಾಲದ ಪಾತ್ರೆಯನ್ನು 64 ಬಿಟ್‌ಗಳಿಗೆ ಹಿಗ್ಗಿಸಿ, ಮತ್ತೆ ಕಟ್ಟಿದರು. ಆ ದಿನದ ಬೆಳಗ್ಗೆ ಏನೂ ಆಗದಿರಲಿ ಎಂಬುದೇ ಇಷ್ಟೆಲ್ಲ ದುಡಿಮೆಯ ಫಲ. ಏನೂ ಆಗದಿದ್ದುದಕ್ಕಾಗಿ ಯಾರನ್ನಾದರೂ ಸನ್ಮಾನಿಸಿದುದನ್ನು ನಾವು ಕಂಡಿದ್ದೇವೆಯೆ?

ಆದರೆ ಈ ಹಿಗ್ಗಿಸುವ ಕೆಲಸದಲ್ಲಿ ಒಂದು ಬಗೆಯನ್ನು ಮಾತ್ರ ಹಾಗೆಯೇ ಬಿಟ್ಟರು. ಅದು ಇಂಟೆಲ್ ಮಾದರಿಯ ಹಳೆಯ 32 ಬಿಟ್ ಯಂತ್ರಗಳ ಬಗೆ. ಹಿಂದಿನ ಕಾಲದ ತಂತ್ರಾಂಶಗಳು ಆ ಹಳೆಯ ಎಣಿಕೆಯನ್ನೇ ನಂಬಿರುವುದರಿಂದ ಅದನ್ನು ಕದಲಿಸಲಿಲ್ಲ. ಅಷ್ಟೇ ಅಲ್ಲ, ಹದಿಮೂರನೆಯ ಆವೃತ್ತಿಯಲ್ಲಿ ಅಂಥ ಯಂತ್ರಗಳಿಗೆ ತಿರುಳೂ ಇಲ್ಲ, ಸ್ಥಾಪಿಸುವ ಸಾಧನವೂ ಇಲ್ಲ. ಇದನ್ನು ಓದಿದಾಗ ನನಗೆ ಕಸಿವಿಸಿಯಾಯಿತೆಂದು ಒಪ್ಪಿಕೊಳ್ಳಲೇಬೇಕು. ನನ್ನ ಮೇಜಿನ ಮೇಲಿರುವ, 2009ರಲ್ಲಿ ಕೊಂಡ ಪುಟ್ಟ ಕಂಪ್ಯೂಟರ್ ಆ ಕುಲದ್ದೇ. ನನ್ನ ಪಾಠದ ಟಿಪ್ಪಣಿಗಳೆಲ್ಲ ಹುಟ್ಟಿದ್ದು ಅದರಲ್ಲಿ. ಬೇರೆ ವ್ಯವಸ್ಥೆಗಳ ಭಾರ ತಾಳದೆ ಅದು ಕುಸಿದಾಗ ಎತ್ತಿ ನಿಲ್ಲಿಸಿದುದು ಡೆಬಿಯನ್ನೇ. ಈಗ ಆ ಊರುಗೋಲೇ ಕೈಬಿಟ್ಟಿತಲ್ಲ ಎನಿಸಿತು.

ಎರಡು ದಿನ ಕಳೆದ ಮೇಲೆ ಮನಸ್ಸು ತಿಳಿಯಾಯಿತು. ಎಲ್ಲ ಪಾಠಾಂತರಗಳನ್ನೂ ಮೂಲದಲ್ಲಿಯೇ ಉಳಿಸಿಕೊಳ್ಳುವ ಸಂಪಾದಕ ಯಾವ ಕಾವ್ಯವನ್ನೂ ಮುಗಿಸಲಾರನೆಂದು ವಿದ್ಯಾರ್ಥಿಗಳಿಗೆ ಹೇಳುವವನು ನಾನೇ ಅಲ್ಲವೆ? ಇವರು ನನ್ನ ಯಂತ್ರವನ್ನು ಕೈಬಿಟ್ಟರು, ನಿಜ. ಆದರೆ ಗುಟ್ಟಾಗಿ ಬಿಡಲಿಲ್ಲ. ಬಿಟ್ಟೆವೆಂದು ಬರೆದಿಟ್ಟರು, ಹಳೆಯ ಯಂತ್ರವುಳ್ಳವರು ಹನ್ನೆರಡನೆಯದರಲ್ಲಿಯೇ ಉಳಿಯಬೇಕೆಂದು ಮುಂಚಿತವಾಗಿಯೇ ಎಚ್ಚರಿಸಿದರು. ಆ ಹಳೆಯ ಆವೃತ್ತಿಯನ್ನು ನನ್ನಿಂದ ಕಸಿದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕೆ ದೊರೆಯುವ ರಕ್ಷಣೆ ತೀರಿದ ದಿನ ಅಂತರ್ಜಾಲದ ನಂಟನ್ನು ಕಡಿದು, ಬರೆಯುವುದಕ್ಕಷ್ಟೇ ಅದನ್ನು ಇಟ್ಟುಕೊಳ್ಳುವೆನೆಂದು ನಿಶ್ಚಯಿಸಿದ್ದೇನೆ.

ಈ ದುಡಿಮೆಯ ಹಿಂದಿನ ಮನುಷ್ಯರನ್ನು ನೆನೆದಾಗ 2000ದ ಆಗಸ್ಟಿನಲ್ಲಿ ಬಂದ ಆವೃತ್ತಿಯ ಅರ್ಪಣೆ ಕಣ್ಮುಂದೆ ನಿಲ್ಲುತ್ತದೆ. ಆ ವರ್ಷದ ಜುಲೈಯಲ್ಲಿ ತೀರಿಕೊಂಡ ಇಪ್ಪತ್ತೊಂದು ವಯಸ್ಸಿನ ತರುಣ ಸ್ವಯಂಸೇವಕನೊಬ್ಬನಿಗೆ ಅದು ಅರ್ಪಿತವಾಯಿತು. ಸ್ನಾಯುಗಳನ್ನು ಕ್ಷಯಿಸುವ ರೋಗದಿಂದ ಹಾಸಿಗೆ ಹಿಡಿದೇ ಅವನು ಅಷ್ಟು ಕಾಲ ದುಡಿದಿದ್ದನು. ಜೊತೆಗೆ ಕೆಲಸ ಮಾಡಿದವರಲ್ಲಿ ಬಹುಪಾಲು ಜನಕ್ಕೆ ಆ ಸಂಗತಿಯೇ ತಿಳಿದಿರಲಿಲ್ಲ. ಅವರು ಕಂಡಿದ್ದುದು ಅವನ ಕೆಲಸವನ್ನು ಮಾತ್ರ.

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಸಾವಿರ ಪ್ರತಿಗಳನ್ನು ಗೀಚಿದ ಕೈಗಳ ಹೆಸರುಗಳು ನಮಗೆ ಉಳಿದಿಲ್ಲ. ಡೆಬಿಯನ್ನಿನ ಭಂಡಾರದಲ್ಲಿ ಕನ್ನಡದ ‘ಗುಬ್ಬಿ’, ‘ನವಿಲು’ ಎಂಬ ಮುಕ್ತ ಅಕ್ಷರಮಾಲೆಗಳೂ ಸೇರಿವೆ. ನನ್ನ ಹಳೆಯ ಯಂತ್ರದಲ್ಲಿ ಈ ಲೇಖನವನ್ನು ಬರೆದುದು ಆ ‘ಗುಬ್ಬಿ’ಯ ಅಕ್ಷರಗಳಲ್ಲಿಯೇ. ಮುಂದಿನ ವಾರ ಗ್ರಂಥಸಂಪಾದನೆಯ ತರಗತಿಗೆ ಹೋಗುವಾಗ ಓಲೆಯ ಪ್ರತಿಯ ಚಿತ್ರದೊಡನೆ ಟ್ರಿಕ್ಸಿಯ ಬಿಡುಗಡೆಯ ಟಿಪ್ಪಣಿಗಳನ್ನೂ ಕೊಂಡೊಯ್ಯಬೇಕೆಂದಿದ್ದೇನೆ. ಬಿಟ್ಟುದನ್ನು ಬಿಟ್ಟೆನೆಂದು ಬರೆಯುವ ಪ್ರಾಮಾಣಿಕತೆಯನ್ನು ಅವೆರಡರಿಂದಲೂ ಕಲಿಯಬಹುದು.