ಆಘಾತ: ಹೊರಗಿನದೆಷ್ಟು, ಒಳಗಿನದೆಷ್ಟು?

ಇಂಡಿಯ ಲಿಂಬೆ ತೋಟದಲ್ಲಾಗಲಿ, ಸಿಂದಗಿಯ ತೊಗರಿ ಹೊಲದಲ್ಲಾಗಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸಂತೆಯಲ್ಲಾಗಲಿ ಕಿವಿಗೊಟ್ಟರೆ ‘ಹೊಡೆತ’ ಎಂಬ ಮಾತು ದಿನಕ್ಕೆ ಹತ್ತು ಬಾರಿ ಕೇಳಿಬರುತ್ತದೆ. ಸಿಡಿಲು ಹೊಡೀತು, ಬಿಸಿಲು ಹೊಡೀತು, ಕರೆಂಟು ಹೊಡೀತು, ಲಕ್ವಾ ಹೊಡೀತು ಎನ್ನುತ್ತೇವೆ. ಮಳೆ ಕೈಕೊಟ್ಟರೆ ಬರದ ಹೊಡೆತ. ಲಿಂಬೆಯ ದರ ಕುಸಿದರೆ ಪೇಟೆಯ ಹೊಡೆತ. ಮಗನನ್ನು ಕಳೆದುಕೊಂಡ ತಾಯಿಗೆ ಮನಸ್ಸಿನ ಹೊಡೆತ. ಗ್ರಂಥಭಾಷೆಯಲ್ಲಿ ಇದೇ ‘ಆಘಾತ’ವಾಗಿ ವಿದ್ಯುದಾಘಾತ, ಉಷ್ಣಾಘಾತ, ಪಕ್ಷಾಘಾತ, ಹೃದಯಾಘಾತ, ಮಾನಸಿಕ ಆಘಾತ ಎಂಬ ಹೆಸರುಗಳನ್ನು ಪಡೆದಿದೆ.

ಮಾತು ಒಂದೇ ಆದರೂ ಅದರೊಳಗಿನ ಸಂಗತಿ ಬೇರೆ ಬೇರೆ. ಕೆಲವೆಡೆ ಹೊರಗಿನಿಂದ ನಿಜವಾಗಿಯೇ ಪೆಟ್ಟು ಬೀಳುತ್ತದೆ. ಕೆಲವೆಡೆ ಪೆಟ್ಟು ಎಂಬುದು ಕೇವಲ ಹೋಲಿಕೆ. ವ್ಯಾಧಿಯನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆಯೋ ಅದಕ್ಕೆ ತಕ್ಕಂತೆಯೇ ಮದ್ದನ್ನೂ ಹುಡುಕುತ್ತೇವೆ. ಆದ್ದರಿಂದ ಈ ಭೇದವನ್ನು ಅರಿಯುವುದು ಪ್ರಾಣ ಉಳಿಸುವ ವಿಷಯವಾಗಿದೆ.

ನಿಜವಾದ ಹೊಡೆತಗಳು

ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಬಯಲು ಸೀಮೆಯಲ್ಲಿ ಗುಡುಗು ಮಳೆ ಬರುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಬೇವಿನ ಮರ, ಅದರಡಿ ನಿಂತ ಕುರಿಗಾಹಿ, ಇಬ್ಬರೂ ಸಿಡಿಲಿಗೆ ಎತ್ತರದ ಗುರಿಗಳೇ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗೆ ಇದೆಯೆಂದು ತಿಳಿದು ಕೂಡಲೇ ಗಟ್ಟಿ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ರೂಪಿಸಿದ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲೇ ಸಿಡಿಲಿನ ಮುನ್ಸೂಚನೆ ನೀಡುತ್ತದೆ.

ಸಿಡಿಲು ಬಡಿದವನನ್ನು ಮುಟ್ಟಿದರೆ ತಮಗೂ ಹೊಡೆಯುತ್ತದೆ ಎಂದು ಹಲವರು ದೂರ ನಿಲ್ಲುತ್ತಾರೆ. ಇದು ತಪ್ಪು. ಅವನ ದೇಹದಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತಿರಬೇಕು. ಆದರೆ ಪಂಪ್‌ಸೆಟ್ಟಿನ ತಂತಿಗೆ ಸಿಲುಕಿದವನ ವಿಷಯ ಇದಕ್ಕೆ ತದ್ವಿರುದ್ಧ. ಮೇನ್ ಸ್ವಿಚ್ ಆರಿಸುವ ಮುನ್ನ ಅವನನ್ನು ಮುಟ್ಟಿದವನೂ ಸಾಯುತ್ತಾನೆ. ಎರಡಕ್ಕೂ ‘ಹೊಡೆತ’ ಎಂದೇ ಹೆಸರು, ಮಾಡಬೇಕಾದ ಕೆಲಸ ಮಾತ್ರ ಬೇರೆ.

ಬಿಸಿಲ ಹೊಡೆತದಲ್ಲಿ ಮೈಶಾಖ 40 ಡಿಗ್ರಿ ಸೆಲ್ಸಿಯಸ್ ಮೀರಿ ಮನುಷ್ಯ ತಡವರಿಸಿ ಮಾತಾಡುತ್ತಾನೆ, ಎಚ್ಚರ ತಪ್ಪುತ್ತಾನೆ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು.

ಹೆಸರಿಗೆ ಮಾತ್ರ ಹೊಡೆತ

ಈಗ ಲಕ್ವಾ. ಸುಶ್ರುತ ಸಂಹಿತೆ ಇದನ್ನು ಪಕ್ಷಾಘಾತ, ಅಂದರೆ ಒಂದು ಬದಿಗೆ ಬಿದ್ದ ಪೆಟ್ಟು ಎಂದಿತು. ಪ್ರಾಚೀನ ಗ್ರೀಕರು ಕೊಟ್ಟ ಹೆಸರಿಗೂ ‘ಹೊಡೆದು ಉರುಳಿಸಿದ್ದು’ ಎಂಬುದೇ ಅರ್ಥ. ನಡೆದಾಡುತ್ತಿದ್ದವನು ಕ್ಷಣದಲ್ಲಿ ಕುಸಿದರೆ ಯಾರೋ ಹೊಡೆದರೆಂದು ತೋರುವುದು ಸಹಜವೇ. 1658ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್ ಹೀಗೆ ಸತ್ತವರ ಮಿದುಳನ್ನು ಪರೀಕ್ಷಿಸಿ ಒಳಗೆ ರಕ್ತ ಸೋರಿದ್ದನ್ನು ತೋರಿಸಿದನು. ಹೊಡೆತ ಹೊರಗಿನದಲ್ಲ, ಮಿದುಳಿನ ರಕ್ತನಾಳ ಕಟ್ಟಿಕೊಂಡಿರುತ್ತದೆ, ಇಲ್ಲವೇ ಒಡೆದಿರುತ್ತದೆ.

ಆದರೂ ನಮ್ಮಲ್ಲಿ ಅನೇಕರು ಇಂದಿಗೂ ಗಾಳಿ ಸೋಕಿತೆಂದೋ ಮಾಟವಾಯಿತೆಂದೋ ಬಗೆದು, ರೋಗಿಯನ್ನು ಮೊದಲು ಲಕ್ವಾದ ಔಷಧಿ ಕೊಡುವವರ ಊರಿಗೆ ಒಯ್ಯುತ್ತಾರೆ. ಅಲ್ಲಿ ಕೆಲವರು ಗುಣವಾದದ್ದು ಸುಳ್ಳಲ್ಲ. ಲಕ್ವಾ ಎಂಬುದು ಅರಬ್ಬೀ ಮೂಲದ ಶಬ್ದ; ಮುಖ ಸೊಟ್ಟಗಾಗುವುದು ಎಂಬುದು ಅದರ ಮೂಲಾರ್ಥ. ಮುಖದ ನರವೊಂದೇ ಊದಿಕೊಂಡು ಬಾಯಿ ಸೊಟ್ಟಗಾದರೆ ಬಹುಪಾಲು ಜನರಿಗೆ ಕೆಲವು ವಾರ, ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ. ಕೀರ್ತಿ ಸೊಪ್ಪಿನ ರಸಕ್ಕೆ ಸಲ್ಲುತ್ತದೆ. ಆ ಕೀರ್ತಿಯನ್ನು ನಂಬಿ ಹೋದ ಮಿದುಳಿನ ಲಕ್ವಾದ ರೋಗಿ ಮಾತ್ರ ಕೈಕಾಲು ಕಳೆದುಕೊಳ್ಳುತ್ತಾನೆ.

ರಕ್ತ ಸಿಗದ ಮಿದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಂದಾಜಿದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುನ್ನ ಸಿ.ಟಿ. ಸ್ಕ್ಯಾನ್ ಆಗಲೇಬೇಕು; ನಾಳ ಒಡೆದವನಿಗೆ ಆ ಇಂಜೆಕ್ಷನ್ ಮಾರಕ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿಲೋಮೀಟರ್. ದಾರಿಯ ಹೊತ್ತನ್ನು ಕಳೆದರೆ ಉಳಿಯುವುದೆಷ್ಟು? ಔಷಧಿಯ ಊರಿಗೆ ಹೋಗಿ ಬರುವಷ್ಟು ಸಮಯ ಅದರಲ್ಲಿಲ್ಲ.

ಗುರುತು ಸರಳವಾಗಿದೆ. ನಗು ಎಂದರೆ ಬಾಯಿ ಒಂದು ಕಡೆ ಎಳೆಯುವುದು, ಎರಡೂ ತೋಳು ಎತ್ತು ಎಂದರೆ ಒಂದು ಕೆಳಗಿಳಿಯುವುದು, ಮಾತು ತೊದಲುವುದು. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಿರಿ. ಬಾಯಿಗೆ ಏನನ್ನೂ ಹಾಕಬೇಡಿರಿ. ಹತ್ತು ನಿಮಿಷದಲ್ಲಿ ತಾನೇ ಸರಿಹೋದರೂ ಸುಮ್ಮನಿರಬೇಡಿರಿ. ಅದು ಮುಂದೆ ಬರಲಿರುವ ದೊಡ್ಡ ಲಕ್ವಾದ ಮುನ್ಸೂಚನೆಯಾಗಿರಬಹುದು.

ಹೃದಯಾಘಾತವೂ ಇಂಥದೇ. ಎದೆ ಬಿಗಿತ, ಎಡತೋಳಿನ ನೋವು, ತಣ್ಣನೆಯ ಬೆವರುಗಳನ್ನು ‘ಗ್ಯಾಸ್’ ಎಂದು ಕಡೆಗಣಿಸಬಾರದು. ಸಕ್ಕರೆ ಕಾಯಿಲೆಯವರಿಗೆ ನೋವೇ ಇಲ್ಲದಿರಬಹುದು. ರಾಜ್ಯ ಸರಕಾರದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ’ ಯೋಜನೆ ಜಾರಿಯಲ್ಲಿರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಅಗತ್ಯವಿದ್ದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ.

ಮನಸ್ಸಿನ ಪೆಟ್ಟು

‘ಸುದ್ದಿ ಕೇಳಿ ಎದೆ ಒಡೆಯಿತು’ ಎಂಬುದು ಬರಿಯ ಮಾತೇ? ಪೂರ್ಣವಾಗಿ ಅಲ್ಲ. 1990ರಲ್ಲಿ ಜಪಾನಿನ ವೈದ್ಯರು ಒಂದು ಸ್ಥಿತಿಯನ್ನು ವರ್ಣಿಸಿದರು. ತೀವ್ರ ದುಃಖದ ಬೆನ್ನಲ್ಲೇ ಹೃದಯದ ಎಡ ಕೋಣೆ ಹಿಗ್ಗಿ, ಅಲ್ಲಿನ ಮೀನುಗಾರರು ಆಕ್ಟೋಪಸ್ ಹಿಡಿಯುವ ಗಡಿಗೆಯಂತೆ ಕಾಣುತ್ತದೆ. ಅದೇ ಗಡಿಗೆಯ ಹೆಸರಾದ ‘ತಕೊತ್ಸುಬೊ’ ಆ ರೋಗಕ್ಕೂ ಉಳಿಯಿತು. ಮುಟ್ಟು ನಿಂತ ಸ್ತ್ರೀಯರಲ್ಲಿ ಇದು ಹೆಚ್ಚು. ಚಿಕಿತ್ಸೆ ದೊರೆತರೆ ಬಹುತೇಕರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಸಾವಿನ ಮನೆಯಲ್ಲಿ ತಾಯಿಯೊಬ್ಬಳು ‘ಎದೆ ನೋಯುತ್ತಿದೆ’ ಎಂದರೆ, ದುಃಖದಿಂದ ಹಾಗೆನ್ನುತ್ತಾಳೆಂದು ಸಮಾಧಾನ ಹೇಳಿ ಕೂಡಿಸದೆ ಇ.ಸಿ.ಜಿ. ಮಾಡಿಸಿರಿ.

ಸದ್ಭಕ್ತರೇ, ಲಕ್ವಾ ಮತ್ತು ಹೃದಯಾಘಾತಗಳು ಹಠಾತ್ತನೆ ಬಂದಂತೆ ಕಂಡರೂ ಬಹುಮಟ್ಟಿಗೆ ವರ್ಷಗಟ್ಟಲೆ ಒಳಗೊಳಗೇ ಬೆಳೆದವುಗಳು. ಏರಿದ ಬಿ.ಪಿ., ಹಿಡಿತವಿಲ್ಲದ ಸಕ್ಕರೆ, ತಂಬಾಕು, ಅತಿಯಾದ ಉಪ್ಪು ಇವೇ ಅವುಗಳ ಬೇರು. ಬೆಳಗಿನ ಪೂಜೆಯನ್ನು ತಪ್ಪಿಸದಂತೆ ಬಿ.ಪಿ. ಗುಳಿಗೆಯನ್ನೂ ತಪ್ಪಿಸಬೇಡಿರಿ, ‘ಈಗ ಆರಾಮ ಇದೆ’ ಎಂದು ತಾವಾಗಿ ನಿಲ್ಲಿಸಬೇಡಿರಿ. ಸಿಡಿಲಿನ ಹೊಡೆತ ತಿಂಗಳ ಮೊದಲೇ ತಿಳಿಯುವಂಥದಲ್ಲ. ಲಕ್ವಾ ಬರುವ ದಾರಿಯಾದರೋ ತೋಳಿಗೆ ಕಟ್ಟುವ ಬಿ.ಪಿ. ಪಟ್ಟಿಯಲ್ಲಿ ವರ್ಷಗಳ ಮೊದಲೇ ಕಾಣಿಸುತ್ತದೆ.