ಊರಿನ ಬ್ಯಾಂಕಿಗೆ ಹಣ: ನಂಬಿಕೆ ಎಷ್ಟು, ನಿಜ ಎಷ್ಟು?

ಉಳಿತಾಯದ ಒಂದು ಪಾಲನ್ನು ಊರಿನ ಸಹಕಾರಿ ಬ್ಯಾಂಕಿಗೆ ಸರಿಸಿ ಎಂದರೆ ಎರಡು ಬಗೆಯ ಉತ್ತರ ಸಿಗುತ್ತದೆ. ‘ಅಲ್ಲಿಟ್ಟರೆ ಮುಳುಗಿತು’ ಎನ್ನುವವರು ಕೆಲವರು. ‘ನಮ್ಮವರೇ ನಡೆಸುವಾಗ ಭಯವೇಕೆ’ ಎನ್ನುವವರು ಕೆಲವರು. ಇಬ್ಬರ ಲೆಕ್ಕವೂ ತಪ್ಪು. ಠೇವಣಿಯ ಭದ್ರತೆ ನಿಂತಿರುವುದು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಮತ್ತು ಠೇವಣಿ ವಿಮೆಯ ಮೇಲೆ.

ತಪ್ಪು ಕಲ್ಪನೆ: ದೊಡ್ಡ ಬ್ಯಾಂಕ್ ಭದ್ರ, ಸಣ್ಣದು ಅಪಾಯ.

ಸತ್ಯ: 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರು ₹35,000ಕ್ಕಿಂತ ಹೆಚ್ಚು ತೆಗೆಯದಂತೆ ರಿಸರ್ವ್ ಬ್ಯಾಂಕ್ ತಡೆಯಿತು. ಎರಡೇ ತಿಂಗಳಲ್ಲಿ, ಮಾರ್ಚ್‌ನಲ್ಲಿ, ಯೆಸ್ ಬ್ಯಾಂಕಿನ ಗ್ರಾಹಕರಿಗೂ ₹50,000ದ ಮಿತಿ ಬಿತ್ತು. ಗಾತ್ರ ಸಂಕಟವನ್ನು ತಪ್ಪಿಸಲಿಲ್ಲ. ‘ಯೆಸ್ ಬ್ಯಾಂಕಿಗೆ ಸ್ಟೇಟ್ ಬ್ಯಾಂಕ್ ಬಂಡವಾಳ ಹಾಕಿತು, ಅದೇ ತಿಂಗಳು ಮಿತಿಯೂ ತೆರವಾಯಿತು, ಸಹಕಾರಿ ಬ್ಯಾಂಕಿನ ಠೇವಣಿದಾರರನ್ನು ಕೇಳುವವರಾರು?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆಮೇಲೆ ಕಾನೂನು ಬಿಗಿಯಾಗಿದೆ. 2020ರ ತಿದ್ದುಪಡಿ ಸಹಕಾರಿ ಬ್ಯಾಂಕುಗಳ ಮೇಲೆ ರಿಸರ್ವ್ ಬ್ಯಾಂಕಿಗೆ ಹೆಚ್ಚಿನ ಹಿಡಿತ ಕೊಟ್ಟಿತು. ಅದಕ್ಕೂ ಮುನ್ನ, ಅದೇ ವರ್ಷ ಫೆಬ್ರುವರಿಯಲ್ಲೇ, ಠೇವಣಿ ವಿಮೆ ₹1 ಲಕ್ಷದಿಂದ ₹5 ಲಕ್ಷಕ್ಕೇರಿತ್ತು. ಹಣ ತೆಗೆಯಲು ಇಂಥ ನಿರ್ಬಂಧ ಬಿದ್ದರೆ ವಿಮೆಯ ಮೊತ್ತ 90 ದಿನಗಳಲ್ಲಿ ಕೈಸೇರಬೇಕೆಂದು 2021ರ ತಿದ್ದುಪಡಿ ಹೇಳುತ್ತದೆ. ₹5 ಲಕ್ಷದ ಈ ವಿಮಾ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಎರಡೂ ಸೇರಿ. ಅದರೊಳಗೆ ಇಟ್ಟ ಠೇವಣಿಗೆ ಸಣ್ಣ ಬ್ಯಾಂಕಿನಲ್ಲೂ ದೊಡ್ಡ ಬ್ಯಾಂಕಿನಲ್ಲೂ ಒಂದೇ ವಿಮೆ.

ತಪ್ಪು ಕಲ್ಪನೆ: ‘ಸಹಕಾರಿ’ ಎಂಬ ಬೋರ್ಡು ಇದ್ದರೆ ಎಲ್ಲವೂ ಬ್ಯಾಂಕೇ.

ಸತ್ಯ: ನಿಜವಾದ ಅಪಾಯ ಇರುವುದು ಇಲ್ಲಿ. ಪತ್ತಿನ ಸಹಕಾರ ಸಂಘ, ಸೌಹಾರ್ದ ಪತ್ತಿನ ಸಹಕಾರಿ, ಪ್ರಾಥಮಿಕ ಕೃಷಿ ಪತ್ತಿನ ಸಂಘ ಇವ್ಯಾವುವೂ ಬ್ಯಾಂಕುಗಳಲ್ಲ. ಅಲ್ಲಿನ ಠೇವಣಿಗೆ ಈ ವಿಮೆ ಇಲ್ಲ. ಅವೆಲ್ಲ ಕೆಟ್ಟವೆಂದು ಇದರರ್ಥವಲ್ಲ, ಆದರೆ ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಯಾಸೆಗೆ ನಿವೃತ್ತಿಯ ಇಡುಗಂಟನ್ನೇ ಅಲ್ಲಿ ಸುರಿಯುವವರು ವಿಮೆಯನ್ನು ಬಿಟ್ಟುಕೊಡುತ್ತಿದ್ದಾರೆ. ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕಿನಲ್ಲಿ ಕೂಡ ಸದಸ್ಯತ್ವದ ಷೇರು ಹಣ ವಿಮೆಯ ಹೊರಗೇ ಉಳಿಯುತ್ತದೆ.

ತಪ್ಪು ಕಲ್ಪನೆ: ಹಣ ಎಲ್ಲಿಟ್ಟರೂ ಒಂದೇ, ಊರಿಗೇನೂ ಸಿಗದು.

ಸತ್ಯ: ಲೇವಾದೇವಿಗಾರರ ಹಿಡಿತದಿಂದ ರೈತರನ್ನು ಬಿಡಿಸಲು 1904ರಲ್ಲಿ ಸಹಕಾರ ಕಾಯ್ದೆ ಬಂತು, ಮರುವರ್ಷವೇ ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಆ ಉದ್ದೇಶ ಇಂದಿನ ನಿಯಮಗಳಲ್ಲೂ ಇದೆ. ಕೃಷಿ, ಸಣ್ಣ ಉದ್ದಿಮೆ, ಮನೆ ಮುಂತಾದ ಆದ್ಯತಾ ವಲಯಕ್ಕೆ ವಾಣಿಜ್ಯ ಬ್ಯಾಂಕುಗಳು ಕೊಡಬೇಕಾದ ಸಾಲದ ಗುರಿ ಶೇ 40. ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ 2025ರ ನಿಯಮದಂತೆ ಶೇ 60. ‘ಸಾಲ ನಿರ್ದೇಶಕರ ನೆಂಟರಿಗೇ ಹೋಗುತ್ತದೆ’ ಎಂಬ ದೂರು ಸುಳ್ಳಲ್ಲ. ನಿರ್ದೇಶಕರಿಗೂ ಅವರ ಬಂಧುಗಳಿಗೂ ಸಾಲ ಕೊಡುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದ್ದರೂ ಬೇನಾಮಿ ಹೆಸರುಗಳಲ್ಲಿ ನಿಯಮ ಮುರಿಯಬಹುದು. ಅದನ್ನು ಪ್ರಶ್ನಿಸುವ ಹಕ್ಕು ಇಲ್ಲಿ ಸದಸ್ಯರಿಗಿದೆ: ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ವಾರ್ಷಿಕ ಮಹಾಸಭೆಯಲ್ಲಿ ಊಟ ಮುಗಿಸಿ ಎದ್ದುಬರುವ ಸದಸ್ಯರು ಆ ಹಕ್ಕನ್ನು ತಾವೇ ಕೈಬಿಡುತ್ತಾರೆ.

ಹಾಗಾಗಿ ಹಣ ಸರಿಸುವ ಮುನ್ನ ಲೈಸೆನ್ಸ್ ನೋಡಿ, ವಿಮೆ ಇದೆಯೇ ಎಂದು ಕೇಳಿ, ವಾರ್ಷಿಕ ವರದಿಯಲ್ಲಿ ವಸೂಲಾಗದ ಸಾಲದ ಪ್ರಮಾಣ ಓದಿ. ಇಷ್ಟು ಸರಿಯಿದ್ದರೆ ₹5 ಲಕ್ಷದ ಮಿತಿಯೊಳಗೆ ಊರಿನ ಬ್ಯಾಂಕಿನಲ್ಲಿ ಹಣ ಇಡಲು ಹಿಂಜರಿಯಬೇಕಾಗಿಲ್ಲ.