ಸ್ನೆಂಟನ್ ದಿಣ್ಣೆಯ ಗಾಳಿಗಿರಣಿ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಸ್ನೆಂಟನ್ ದಿಣ್ಣೆಯ ಮೇಲೆ ಇಟ್ಟಿಗೆಯ ದುಂಡು ಗೋಪುರವೊಂದು 1947ರಿಂದ ಮೂರು ದಶಕಗಳ ಕಾಲ ಪಾಳುಬಿದ್ದು ನಿಂತಿತ್ತು. ಅದರ ರೆಕ್ಕೆಗಳು ಎಂದೋ ಮಾಯವಾಗಿದ್ದವು. ಒಳಗಿನ ಮರಗೆಲಸವನ್ನು ಬೆಂಕಿ ನುಂಗಿತ್ತು. ದಾರಿಹೋಕರ ಕಣ್ಣಿಗೆ ಅದೊಂದು ಹಾಳು ಗಿರಣಿ, ಅಷ್ಟೆ. ಆದರೆ ಭೌತಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಉಚ್ಚರಿಸುವ ಹೆಸರೊಂದು ಎದ್ದು ಬಂದದ್ದು ಆ ಗಿರಣಿಯ ಹಿಟ್ಟಿನ ಧೂಳಿನಿಂದಲೇ.

ಗಿರಣಿಯನ್ನು 1807ರಲ್ಲಿ ಕಟ್ಟಿಸಿದವನು ರೊಟ್ಟಿಯ ವ್ಯಾಪಾರಿ ಜಾರ್ಜ್ ಗ್ರೀನ್. 1800ರಲ್ಲಿ ಧಾನ್ಯದ ಬೆಲೆಯೇರಿ ಹಸಿದ ಜನ ದಂಗೆಯೆದ್ದಾಗ ಅವನ ಅಂಗಡಿಯೂ ದಾಳಿಗೆ ತುತ್ತಾಗಿತ್ತು. ಆದರೂ ಅವನ ವ್ಯಾಪಾರ ಬೆಳೆಯಿತು. ಹಿಟ್ಟಿಗೆ ಸ್ವಂತ ಗಿರಣಿಯೇ ಆಯಿತು.

ಹಳೆಯ ಮರದ ಗಿರಣಿಗಳಲ್ಲಿ ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಕಂಬದ ಮೇಲಿನ ಇಡೀ ಕಟ್ಟಡವನ್ನೇ ತಿರುಗಿಸಬೇಕಾಗುತ್ತಿತ್ತು. ಇಟ್ಟಿಗೆಯ ಗೋಪುರ ಅಲುಗುವುದಿಲ್ಲ. ಬುಡದಲ್ಲಿ ಅಗಲವಾಗಿ, ಮೇಲೇರಿದಂತೆ ಕಿರಿದಾಗುವ ಅದರ ಗೋಡೆಗಳು ಬೀಸುಗಲ್ಲುಗಳ ಭಾರವನ್ನೂ ರೆಕ್ಕೆಗಳ ಎಳೆತವನ್ನೂ ತಾಳಿಕೊಳ್ಳುತ್ತವೆ. ತಿರುಗುವುದು ನೆತ್ತಿಯ ಟೊಪ್ಪಿಗೆ ಮಾತ್ರ. ಟೊಪ್ಪಿಗೆಯ ಹಿಂಬದಿಗೆ ಪುಟ್ಟ ಬೀಸಣಿಗೆಯಂಥ ಚಕ್ರವೊಂದನ್ನು ಜೋಡಿಸಿದರೆ, ಗಾಳಿ ಪಕ್ಕದಿಂದ ಬೀಸಿದೊಡನೆ ಅದೇ ಸುತ್ತಿ, ಮನುಷ್ಯನ ಕೈ ತಗಲದೆ ರೆಕ್ಕೆಗಳನ್ನು ಗಾಳಿಗೆದುರಾಗಿ ನಿಲ್ಲಿಸುತ್ತದೆ! ಧಾನ್ಯದ ಚೀಲಗಳನ್ನು ಮೇಲಕ್ಕೆ ಸೆಳೆಯುವುದೂ ಗಾಳಿಯೇ. ಅಲ್ಲಿಂದ ಕಾಳು ತನ್ನ ಭಾರದಿಂದಲೇ ಬೀಸುಗಲ್ಲಿಗಿಳಿದು, ಹಿಟ್ಟಾಗಿ ಕೆಳಗಿನ ಅಂತಸ್ತನ್ನು ಸೇರುತ್ತದೆ.

ಆದರೂ ಗಿರಣಿಯವನಿಗೆ ಬಿಡುವೆಲ್ಲಿ? ಗಾಳಿ ಬಂದಾಗ ಹಗಲಿರುಳೆನ್ನದೆ ಬೀಸಬೇಕು. ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗಿದರೆ ಕಿಡಿ ಹಾರುತ್ತದೆ. ಈ ಕೆಲಸಕ್ಕೆ ನಿಂತವನು ಮಾಲೀಕನ ಮಗ. ಅವನ ಹೆಸರೂ ಜಾರ್ಜ್ ಗ್ರೀನ್. ಎಂಟನೆಯ ವಯಸ್ಸಿನಲ್ಲಿ ಸುಮಾರು ಒಂದು ವರ್ಷ ಶಾಲೆಗೆ ಹೋದದ್ದೇ ಅವನ ವಿದ್ಯಾಭ್ಯಾಸ. ಗಿರಣಿಯ ದುಡಿಮೆ ಅವನಿಗೆ ಬೇಸರದ್ದಾಗಿತ್ತೆಂದು ಬಂಧುವೊಬ್ಬರು ಬರೆದಿಟ್ಟಿದ್ದಾರೆ. ಬಿಡುವಿನ ವೇಳೆಯಲ್ಲಿ ಮೇಲಂತಸ್ತಿನಲ್ಲಿ ಕುಳಿತು ಗಣಿತವನ್ನು ಓದುತ್ತಿದ್ದನೆಂದು ಪ್ರತೀತಿ.

1828ರಲ್ಲಿ ಅವನು ವಿದ್ಯುತ್ತು ಮತ್ತು ಕಾಂತತ್ವಗಳ ಗಣಿತವನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದನು. ಮುಂಗಡ ಚಂದಾದಾರರು 51 ಮಂದಿ. ಅವರಲ್ಲಿ ಎಷ್ಟು ಜನರಿಗೆ ಅದು ಅರ್ಥವಾಗಿದ್ದೀತೋ! ಅವರಲ್ಲೊಬ್ಬರಾದ ಸರ್ ಎಡ್ವರ್ಡ್ ಬ್ರೋಮ್‌ಹೆಡ್ ಅವನ ಪ್ರತಿಭೆಯನ್ನು ಗುರುತಿಸಿದರು. ಅವರ ಪ್ರೋತ್ಸಾಹದಿಂದ, ತಂದೆ ತೀರಿಕೊಂಡ ಬಳಿಕ, 1833ರಲ್ಲಿ, ನಲವತ್ತರ ವಯಸ್ಸಿನಲ್ಲಿ ಗ್ರೀನ್ ಕೇಂಬ್ರಿಜ್ಜಿಗೆ ವಿದ್ಯಾರ್ಥಿಯಾಗಿ ಹೋದನು. 1841ರಲ್ಲಿ, ಊರಿಗೆ ಮರಳಿದ್ದಾಗ, ಮರಣ ಹೊಂದಿದನು. ಗಿರಣಿಯ ಸಮೀಪದ ಚರ್ಚಿನ ಅಂಗಳದಲ್ಲಿಯೇ ಅವನ ಸಮಾಧಿಯಿದೆ. ಭಾವಚಿತ್ರವಂತೂ ಒಂದೂ ದೊರೆತಿಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ನರ ಕೈಗೆ ಆ ಪ್ರಬಂಧ ಸಿಕ್ಕಿದ್ದು 1845ರಲ್ಲಿ. ವಿದ್ವಾಂಸರು ಅದರ ಬೆಲೆಯನ್ನರಿತದ್ದು ಆಮೇಲೆ.

ಅಷ್ಟರಲ್ಲಿ ಉಗಿಯಂತ್ರದ ಗಿರಣಿಗಳು ಬಂದಿದ್ದವು. 1860ರ ದಶಕದಲ್ಲಿ ಸ್ನೆಂಟನ್ನಿನ ಕಲ್ಲುಗಳು ನಿಂತವು. 1920ರ ದಶಕದಲ್ಲಿ ಸ್ಥಳೀಯ ವಕೀಲರೊಬ್ಬರು ಟೊಪ್ಪಿಗೆಗೆ ತಾಮ್ರದ ತಗಡು ಹೊದಿಸಿ ಕಟ್ಟಡವನ್ನು ಕಾಪಾಡಿದರು. ಬಳಿಕ ಅದು ಪಾಲಿಶ್ ತಯಾರಕರ ಪಾಲಾಯಿತು. ಆ ಕಾಲದಲ್ಲಿಯೇ, 1947ರಲ್ಲಿ, ಬೆಂಕಿ ಬಿದ್ದಿತು.

ಗಿರಣಿಯ ಲೆಕ್ಕದಲ್ಲಿ ನೋಡಿದರೆ ಆ ಗೋಪುರವನ್ನು ಕೆಡವಿದರೂ ಕೇಳುವವರಿರಲಿಲ್ಲ. ಅದನ್ನು ಉಳಿಸಿದ್ದು ಗಣಿತ. ಗ್ರೀನನ ಸ್ಮಾರಕಕ್ಕಾಗಿ ನಿಧಿಯೊಂದು ಏರ್ಪಟ್ಟಿತು. 1979ರಲ್ಲಿ ನಗರಸಭೆ ಗಿರಣಿಯನ್ನು ಕೊಂಡಿತು. ಗೋಪುರಕ್ಕೆ ಹೊಸ ಟೊಪ್ಪಿಗೆ, ಹೊಸ ರೆಕ್ಕೆಗಳು ಬಂದವು. 1986ರಲ್ಲಿ ಬೀಸುಗಲ್ಲುಗಳ ನಡುವಿನಿಂದ ಮತ್ತೆ ಗೋಧಿಹಿಟ್ಟು ಉದುರಿತು.